ಹನ್ನೊಂದು ತಿಂಗಳ ಕುಲಪತಿ

೬ ಜನವರಿ

ಅಣ್ಣನವರಿಗೆ,

ಎರಡು ಸಲ ಫೋನು ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟಿರಿ. ಆದ್ದರಿಂದ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯಕ್ಕೆ ಎಪ್ಪತ್ತೈದು ವರ್ಷ ತುಂಬುವ ಸಮಾರಂಭದ ಆಮಂತ್ರಣ ನನಗೆ ಬಂದಿದೆ. ಮಾರ್ಚ್ ಇಪ್ಪತ್ತರಂದು ಸಭಾಂಗಣದ ಹೊರಗೋಡೆಯಲ್ಲಿ ಕಲ್ಲಿನ ಫಲಕವೊಂದನ್ನು ಅನಾವರಣ ಮಾಡುತ್ತಾರೆ. ಇದುವರೆಗೆ ಕುಲಪತಿಗಳಾಗಿದ್ದವರ ಹೆಸರೆಲ್ಲ ಅದರಲ್ಲಿ ಇರುತ್ತದೆ. ಆಮಂತ್ರಣದ ಹಿಂಬದಿಯಲ್ಲಿ ಪಟ್ಟಿ ಅಚ್ಚಾಗಿದೆ. ಹನ್ನೊಂದು ಹೆಸರು. ನನ್ನದಿಲ್ಲ.

ಐದನೆಯವರು ಹೇಳದೆ ಕೇಳದೆ ಬಿಟ್ಟುಹೋದಾಗ ಹಿರಿಯ ಪ್ರಾಧ್ಯಾಪಕಿ ಎಂದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಹನ್ನೊಂದು ತಿಂಗಳು ಕೂತೆ. ಅದು ನಿಮಗೂ ಗೊತ್ತು. ಕುಲಸಚಿವರಿಗೆ ಬರೆದು ಕೇಳಿದೆ. ಅವರ ಉತ್ತರ ಹೀಗಿದೆ: ಪ್ರಭಾರದಲ್ಲಿ ಎರಡು ದಿನ, ಒಂದು ವಾರ ಕೂತವರು ಬಹಳ ಮಂದಿ, ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ತಕರಾರೇ ಬೇಡವೆಂದು ಸಭಾಂಗಣದ ಒಳಗಿರುವ ಮರದ ಫಲಕದಲ್ಲಿ ಇರುವವರನ್ನು ಮಾತ್ರ ತೆಗೆದುಕೊಂಡಿದ್ದೇವೆ, ನಿಮ್ಮ ಹೆಸರು ಅಲ್ಲಿಲ್ಲ ಎಂದರೆ ಅಂದಿನವರು ಯೋಚಿಸಿಯೇ ಬಿಟ್ಟಿರಬೇಕು.

ಆ ಮರದ ಫಲಕ ಬರೆದವರು ನೀವು. ನನ್ನ ಹೆಸರು ಏಕೆ ಬಿಟ್ಟುಹೋಯಿತು ಎಂದು ಬರೆದವರೇ ಲಿಖಿತದಲ್ಲಿ ಕೊಟ್ಟರೆ ಫೆಬ್ರವರಿ ಕೊನೆಯೊಳಗೆ ತಿದ್ದಬಹುದಂತೆ. ಆಮೇಲೆ ಕಲ್ಲು ಕೆತ್ತುವವನ ಕೈಗೆ ಹೋಗುತ್ತದೆ. ನಿಮ್ಮಿಂದ ನನಗೆ ಬೇರೆ ಏನೂ ಬೇಡ. ನಡೆದದ್ದನ್ನು ನಾಲ್ಕು ಸಾಲು ಬರೆದುಕೊಡಿ.

ಇತಿ,
ನಿವೃತ್ತ ಪ್ರಾಧ್ಯಾಪಕಿ, ರಸಾಯನಶಾಸ್ತ್ರ ವಿಭಾಗ


೧೩ ಜನವರಿ

ತಂಗಿ,

ಕಾಗದ ಬಂತು. ‘ಅಣ್ಣನವರಿಗೆ’, ‘ನೀವು’, ‘ಇತಿ’. ಇದೇನು ಕಚೇರಿಯ ಟಪಾಲಾ? ನಿನ್ನ ಸೋರುವ ಮೂಗು ಒರೆಸಿದವನಿಗೆ ಬಹುವಚನ ಹಚ್ಚಿ ಕಳಿಸಿದ್ದೀಯ. ಓದಿದವರ ಜಗಳ ಹೀಗೇ ಇರುತ್ತದೋ ಏನೋ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ನನಗೆ ಬರುವುದು ನೇರ ಜಗಳ.

ಕೇಳಿದ್ದಕ್ಕೆ ಉತ್ತರ. ಚೀಟಿ ಬಂದರೆ ಬರೆಯುತ್ತೇನೆ, ಬರದಿದ್ದರೆ ಇಲ್ಲ. ಒಬ್ಬ ಕುಲಪತಿ ಕುರ್ಚಿ ಬಿಟ್ಟ ದಿನ ಕಚೇರಿಯಿಂದ ನನಗೆ ಚೀಟಿ ಬರುತ್ತದೆ. ಹೆಸರು, ಡಿಗ್ರಿ, ಯಾವ ವರ್ಷದಿಂದ ಯಾವ ವರ್ಷಕ್ಕೆ. ಮರುದಿನ ಬೆಳಿಗ್ಗೆ ಹೊಸಬರು ಬಂದು ಕೂರುವ ಮೊದಲೇ ನಾನು ಏಣಿ ಹತ್ತಿ ಹಳಬರನ್ನು ಗೋಡೆಗೆ ಸೇರಿಸಿ ಇಳಿದಿರಬೇಕು. ಕೂತಿರುವವರ ಹೆಸರನ್ನು ಯಾವತ್ತೂ ಬರೆಯುವುದಿಲ್ಲ. ಎದ್ದುಹೋದವರದ್ದು ಮಾತ್ರ. ಹೊಸಬರು ಒಳಗೆ ಬರುವಾಗ ಆ ಬಣ್ಣದ ವಾಸನೆ ಮೂಗಿಗೆ ಹೊಡೆಯಬೇಕು, ತಮ್ಮ ಸಾಲೂ ಒಂದು ದಿನ ಬರುತ್ತದೆ ಎಂದು ಗೊತ್ತಾಗಬೇಕು. ಹಾಗೆಂದು ನನಗೆ ಬೋರ್ಡು ಬರೆಯಲು ಕಲಿಸಿದ ಯಜಮಾನ ಹೇಳುತ್ತಿದ್ದ.

ಮೊದಲನೆಯವರನ್ನು ಬರೆದದ್ದು ಅವನೇ. ಏಣಿ ಹಿಡಿದವನು ನಾನು. ಎರಡನೆಯವರು ಉದ್ದ ಹೆಸರಿನವರು. ಅವರ ಡಿಗ್ರಿಗಳನ್ನೆಲ್ಲ ಬರೆದರೆ ಫಲಕ ಮುಗಿದು ಗೋಡೆಯೂ ಮುಗಿಯುತ್ತಿತ್ತು. ಮೂರನೆಯವರು ಕುರ್ಚಿಯಲ್ಲೇ ಪ್ರಾಣ ಬಿಟ್ಟರು. ಅವತ್ತು ಚೀಟಿ ತಂದವನ ಕೈಯೂ ನಡುಗುತ್ತಿತ್ತು, ಬರೆಯುವವನ ಕೈಯೂ ನಡುಗುತ್ತಿತ್ತು. ಹತ್ತಿರ ಹೋಗಿ ನೋಡು, ಆ ಸಾಲು ಒಂದು ಕೂದಲಷ್ಟು ಸೊಟ್ಟ. ನಾಲ್ಕನೆಯವರು ಉಗುರು ಕಚ್ಚುತ್ತಿದ್ದರು. ಐದನೆಯವರು ಬೀರುವಿನ ಬೀಗದಕೈಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಓಡಿಹೋದರು. ನಿನ್ನ ನಂತರ ಬಂದವರು ಪಿಸುಮಾತಿನವರು. ಅವರ ಮಾತು ಕೇಳಬೇಕಾದರೆ ಅವರ ಬಾಯಿಗೇ ಕಿವಿ ಕೊಡಬೇಕಿತ್ತು. ಆಮೇಲಿನವರ ಲೆಕ್ಕ ನನಗೇ ತಪ್ಪುತ್ತದೆ. ಹಿಂದಿನವರು ಕೂತರೆ ಏಳುತ್ತಿರಲಿಲ್ಲ, ಈಗಿನವರು ಕುರ್ಚಿ ಬೆಚ್ಚಗಾಗುವ ಮೊದಲೇ ಏಳುತ್ತಾರೆ. ಕೊನೆಯ ಇಬ್ಬರಿಗೆ ಪ್ಲಾಸ್ಟಿಕ್ ಅಕ್ಷರ ಅಂಟಿಸಿದ್ದಾರೆ. ನನ್ನ ಕೈಯದಲ್ಲ, ನನ್ನನ್ನು ಬೈಯಬೇಡ.

ಹೀಗಿದೆ ಫಲಕದ ಕಥೆ. ನಿನ್ನ ಹೆಸರು ಏಕಿಲ್ಲ ಎಂದು ಚೀಟಿ ಕೊಡುವವರನ್ನು ಕೇಳು. ನನ್ನ ತಲೆ ತಿನ್ನಬೇಡ.

ಬೋರ್ಡು ಬರೆಯುವವ


೨೦ ಜನವರಿ

ಅಣ್ಣನವರಿಗೆ,

ಚೀಟಿ ಕೊಡುವವರನ್ನು ಕೇಳಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಆ ಕಚೇರಿಯಲ್ಲಿದ್ದಾಳೆ. ಅಂದಿನ ರವಾನೆ ಪುಸ್ತಕ ತೆಗೆದು ನೋಡಿದಳು. ನಾನು ಕುರ್ಚಿ ಬಿಟ್ಟ ದಿನ, ಸಂಜೆ ನಾಲ್ಕು ಗಂಟೆಗೆ, ‘ಫಲಕಕ್ಕೆ ಹೆಸರು, ಚೀಟಿ ಒಂದು’ ಎಂದು ನಮೂದಾಗಿದೆ. ಮುಂದೆ ತಲುಪಿದ್ದಕ್ಕೆ ಸಹಿ ಇದೆ. ಸಹಿ ನಿಮ್ಮದು. ಆ ಪುಟದ ಚಿತ್ರ ನನ್ನ ಮೇಜಿನ ಮೇಲಿದೆ. ಚೀಟಿ ಬರಲಿಲ್ಲ ಎಂದು ನೀವು ಬರೆಯಲಿಲ್ಲ ನಿಜ. ಬಂದರೆ ಬರೆಯುತ್ತೇನೆ, ಬರದಿದ್ದರೆ ಇಲ್ಲ ಎಂದು ಬರೆದಿರಿ. ಶಾಲೆ ಬಿಟ್ಟವರಿಗೆ ಈ ಜಾಣತನ ಎಲ್ಲಿಂದ ಬಂತು?

ನಿಮಗೆ ಹೆದರಿಕೆ ಬೇಡ. ಇದು ನಿಮ್ಮ ತಲೆಯಿಂದ ಹುಟ್ಟಿದ್ದಲ್ಲ ಎಂದು ನನಗೆ ಗೊತ್ತು. ನನ್ನ ನಂತರ ಬಂದವರು, ನೀವು ಪಿಸುಮಾತಿನವರು ಎನ್ನುತ್ತೀರಲ್ಲ ಅವರು, ನಿಮ್ಮ ಕಿವಿಯಲ್ಲೂ ಏನೋ ಪಿಸುಗುಟ್ಟಿರಬೇಕು. ನಾನು ಆ ಕುರ್ಚಿಯಲ್ಲಿ ಕೂತದ್ದೇ ಅವರಿಗೆ ಸಹಿಸಲಾಗಿರಲಿಲ್ಲ. ಅವರು ಅಧಿಕಾರ ವಹಿಸಿಕೊಂಡ ವಾರ ನಾನು ಸಭಾಂಗಣಕ್ಕೆ ಹೋಗಿ ತಲೆಯೆತ್ತಿ ನೋಡಿದೆ. ಐದನೆಯ ಸಾಲಿನ ಕೆಳಗೆ ಬರೀ ಮರ. ಅಂದೇ ಇದು ಯಾರ ಕೆಲಸ ಎಂದು ಅರ್ಥಮಾಡಿಕೊಂಡೆ. ಆಮೇಲೆ ಆ ಸಭಾಂಗಣಕ್ಕೆ ಕಾಲಿಡಲಿಲ್ಲ.

ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ಹೇಳಿದರೆ ಯಾರೂ ನಿಮ್ಮನ್ನು ಏನೂ ಮಾಡುವುದಿಲ್ಲ. ‘ಅವರು ಬೇಡವೆಂದರು, ಅದಕ್ಕೆ ಬರೆಯಲಿಲ್ಲ’ ಎಂದು ಒಂದು ಸಾಲು ಸಾಕು. ರವಾನೆ ಪುಸ್ತಕವೊಂದರಿಂದ ಸಮಾರಂಭದ ಸಮಿತಿ ಒಪ್ಪುವುದಿಲ್ಲ. ಚೀಟಿ ಕಳಿಸಿ ಆಮೇಲೆ ಹಿಂದಕ್ಕೆ ಪಡೆದಿರಬಹುದಲ್ಲ ಎನ್ನುತ್ತಾರೆ.

ಇತಿ,
ನಿಮ್ಮ ತಂಗಿ


೨೭ ಜನವರಿ

ತಂಗಿ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಸತ್ತವರ ತಲೆಗೆ ಕಟ್ಟಿ ನನ್ನನ್ನು ಪಾರು ಮಾಡುತ್ತೀಯಾ? ಮತ್ತೆ ಪಾರು ಮಾಡುತ್ತೀಯಾ? ನಿನಗೆ ಈ ಚಾಳಿ ಬಿಡುವುದೇ ಇಲ್ಲವಾ?

ಕೇಳಿಸಿಕೋ. ನನಗೆ ಯಾರೂ ಪಿಸುಗುಟ್ಟಲಿಲ್ಲ. ಆ ಮನುಷ್ಯ ನನ್ನ ಹತ್ತಿರ ನಿನ್ನ ವಿಷಯ ಮಾತಾಡಿದ್ದು ಒಂದೇ ಸಲ. ಸಭಾಂಗಣದಲ್ಲಿ ನಾನು ಕಿಟಕಿಗೆ ಬಣ್ಣ ಬಳಿಯುತ್ತಿದ್ದಾಗ ಬಂದು ಫಲಕ ನೋಡಿ, “ನಿಮ್ಮ ತಂಗಿಯವರ ಹೆಸರು ಇನ್ನೂ ಬರೆದಿಲ್ವಲ್ಲ?” ಎಂದರು. “ಅವರೇ ಬೇಡ ಅಂದ್ರು, ಸಾರ್” ಎಂದೆ. ಪಾಪ, ನಂಬಿದರು. “ದೊಡ್ಡ ಮನಸ್ಸು” ಎಂದು ಹೋದರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನಾನೇ ಒಲೆಗೆ ಹಾಕಿದ್ದೆ.

ಏಕೆ ಎಂದು ಕೇಳುವ ಧೈರ್ಯ ನಿನಗಿದೆಯೋ ಇಲ್ಲವೋ, ನಾನೇ ಹೇಳುತ್ತೇನೆ. ನೀನು ಕುರ್ಚಿಯಲ್ಲಿ ಕೂತು ಏಳು ತಿಂಗಳಾಗಿತ್ತು. ತೋಟ, ಅಡುಗೆಮನೆ, ವರ್ಕ್‌ಶಾಪು ಎಲ್ಲ ಕಡೆಯ ದಿನಗೂಲಿಯವರನ್ನು ಒಂದೇ ಆದೇಶದಲ್ಲಿ ಮನೆಗೆ ಕಳಿಸಿದೆ. ಕಳಿಸಿದವಳು ನೀನು. ಮೇಲಿನವರು ಹೇಳಿದರು, ಮಂಡಳಿ ಹೇಳಿತು ಎಂದೆಲ್ಲ ಅಂದೇ ಕೇಳಿದ್ದೇನೆ, ಮತ್ತೆ ಹೇಳಬೇಡ. ನನ್ನ ಜೊತೆ ಆ ಫಲಕದ ಮರ ಕೊಯ್ದು ಚೌಕಟ್ಟು ಕೂರಿಸಿದ ಬಡಗಿಯೂ ಹೋದ. ಇಪ್ಪತ್ತೈದು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು. ನಲವತ್ತೊಂದು ಜನ. ದಿನಗೂಲಿಯವರಲ್ಲಿ ಉಳಿದವನು ನಾನೊಬ್ಬ.

ಅವತ್ತು ನನಗೆ ಜ್ವರ, ಹಾಸಿಗೆಯಲ್ಲಿದ್ದೆ. ಅಮ್ಮ ಗಂಜಿ ತಂದಿಟ್ಟು ಹೇಳಿದಳು: “ಎಲ್ಲರದ್ದೂ ಹೋಯ್ತಂತೆ ಕಣೋ. ನಿನ್ನ ಹೆಸರು ಮಾತ್ರ ಸೇರಿಸೋಕೇ ಬಿಡ್ಲಿಲ್ಲ ನಿನ್ನ ತಂಗಿ.” ಅಮ್ಮನ ಮುಖ ಹೊಳೆಯುತ್ತಿತ್ತು. ನಾನು ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿದೆ.

ಜ್ವರ ಬಿಟ್ಟ ಮೇಲೆ ಕೆಲಸಕ್ಕೆ ಹೋದೆ. ಅಂದಿನಿಂದ ಬಡಗಿ ಮಾತು ಬಿಟ್ಟ. ಬಾಕಿಯವರೂ ಬಿಟ್ಟರು. ಚಹಾದಂಗಡಿಯಲ್ಲಿ ನಾನು ಕೂತರೆ ಬೆಂಚು ಖಾಲಿ. “ತಂಗಿ ಕೃಪೆ ಬಂದ, ಜಾಗ ಬಿಡ್ರಪ್ಪಾ” ಎಂದು ಅಡುಗೆಮನೆಯವನೊಬ್ಬ ಎಲ್ಲರ ಮುಂದೆ ಹೇಳಿದ. ನಾಲ್ಕು ಜನ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ. ನನ್ನನ್ನು ಉಳಿಸು ಎಂದು ನಾನು ನಿನ್ನ ಹತ್ತಿರ ಬಂದಿದ್ದೆನಾ? ಕೈ ಮುಗಿದಿದ್ದೆನಾ? ನನ್ನವರನ್ನೆಲ್ಲ ಕಿತ್ತುಹಾಕಿ ನನ್ನೊಬ್ಬನನ್ನು ನಿನ್ನ ದಯೆಯ ಗಿಡದ ಹಾಗೆ ಕುಂಡದಲ್ಲಿ ಇಟ್ಟುಕೊಂಡೆ.

ನಾಲ್ಕು ತಿಂಗಳ ಮೇಲೆ ನಿನ್ನ ಚೀಟಿ ಬಂತು. ಏಣಿ ಹತ್ತಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಅದೊಂದೇ ಅಧಿಕಾರ, ಅದನ್ನು ನಡೆಸಿದೆ.

ಲಿಖಿತದಲ್ಲಿ ಬೇಕಂತೆ. ಕೊಡುವುದಿಲ್ಲ. ಕಲ್ಲಿನಲ್ಲೂ ನೀನು ಇರಬೇಡ.

ಇನ್ನು ಬರೆಯಬೇಡ.


೯ ಫೆಬ್ರವರಿ

ಅಣ್ಣಾ,

ಬರೆಯಬೇಡ ಎಂದೆ. ಹತ್ತು ದಿನ ಸುಮ್ಮನಿದ್ದೆ. ನಿನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲ. ನನಗೆ ಕೈ ಬರಲಿಲ್ಲ.

ನಿನ್ನ ಆ ಪಿಸುಮಾತಿನವರು ತೀರಿಕೊಳ್ಳುವ ಮೊದಲು ಆಸ್ಪತ್ರೆಯಿಂದ ನನಗೆ ಒಂದು ಕಾಗದ ಬರೆದಿದ್ದರು. ಲಕೋಟೆಯ ಮೇಲೆ ಅವರ ಅಕ್ಷರ ನೋಡಿ ಒಡೆಯದೆ ವಾಪಸು ಕಳಿಸಿದೆ. ಸಾಯುವಾಗಲಾದರೂ ಫಲಕದ ವಿಷಯಕ್ಕೆ ಕ್ಷಮೆ ಕೇಳುತ್ತಿದ್ದಾರೆ, ಕೇಳಲಿ, ನಾನು ಓದುವುದಿಲ್ಲ ಎಂದು ಹಟ ಹಿಡಿದೆ. ಈಗ ನೀನು ಹೇಳುತ್ತೀಯ, ಅವರಿಗೆ ಏನೂ ಗೊತ್ತಿರಲಿಲ್ಲ ಎಂದು. ಹಾಗಾದರೆ ಆ ಲಕೋಟೆಯಲ್ಲಿ ಏನಿತ್ತು? ಅದನ್ನು ನೀನು ನನಗೆ ಹೇಳಬಲ್ಲೆಯಾ? ಚೀಟಿ ಸುಟ್ಟವನಿಗೆ ನನ್ನ ಹೆಸರೊಂದೇ ಸುಟ್ಟೆ ಎಂಬ ಸಮಾಧಾನವಿತ್ತಲ್ಲ, ಅದನ್ನು ಬಿಟ್ಟುಬಿಡು.

ಈಗ ನಿನ್ನ ಇನ್ನೊಂದು ಸಮಾಧಾನ. ಅದನ್ನೂ ಕಿತ್ತುಕೊಳ್ಳುತ್ತೇನೆ.

ನಾನು ನಿನ್ನನ್ನು ಉಳಿಸಲಿಲ್ಲ. ಪಟ್ಟಿ ನನ್ನ ಮೇಜಿಗೆ ಬಂದಾಗ ಅದರಲ್ಲಿ ನಲವತ್ತೊಂದಲ್ಲ, ನಲವತ್ತೆರಡು ಹೆಸರಿತ್ತು. ಹದಿನೇಳನೆಯದು ನಿನ್ನದು. ನಾನು ಪ್ರತಿಯೊಂದು ಹೆಸರನ್ನೂ ಓದಿದೆ. ನಿನ್ನದರ ಹತ್ತಿರ ನಿಂತೆ. ಇದನ್ನು ಹೊಡೆದುಹಾಕಿದರೆ ಉಳಿದ ನಲವತ್ತೊಂದಕ್ಕೂ ಸಹಿ ಹಾಕುವ ಮುಖ ನನಗಿರುವುದಿಲ್ಲ ಎಂದುಕೊಂಡೆ. ಸಹಿ ಹಾಕಿದೆ. ಗೇಟಿಗೆ ಅಂಟಿಸಿದರು.

ಅಂದು ಮಧ್ಯಾಹ್ನ ಅಮ್ಮ ಫೋನು ಮಾಡಿದಳು. “ಅವನ ಹೆಸರು ಇಲ್ಲ ತಾನೇ?” ಎಂದಳು. “ಇಲ್ಲಮ್ಮ, ನಾನು ಬಿಡ್ತೀನಾ?” ಎಂದೆ. ಹೇಳಿ ಫೋನು ಇಟ್ಟೆ.

ಮರುದಿನ ಸಭಾಂಗಣದ ಮೇಲ್ವಿಚಾರಕ ಓಡಿಬಂದ. “ಮೇಡಂ, ಮುಂದಿನ ತಿಂಗಳು ಘಟಿಕೋತ್ಸವ. ಎಂಟುನೂರು ಪದವಿ ಪತ್ರಕ್ಕೆ ಕೈಯಲ್ಲಿ ಹೆಸರು ಬರೀಬೇಕು. ಬೋರ್ಡಿನವರು ಹೋದ್ರೆ ಬರೆಯೋರು ಯಾರು?” ಎಂದ. ನಿನ್ನ ಹೆಸರು ಬಿಟ್ಟು ಹೊಸ ಹಾಳೆ ಟೈಪು ಮಾಡಿಸಿಕೊಂಡೇ ಬಂದಿದ್ದ. ಹಾಕಿದೆ. ಅಣ್ಣ ಎಂದು ಹಾಕಿದ ಸಹಿಯಲ್ಲ ಅದು, ಎಂಟುನೂರು ಪದವಿ ಪತ್ರ ಎಂದು ಹಾಕಿದ್ದು. ಅಮ್ಮನಿಗೆ ಹೇಳಿದ ಸುಳ್ಳು ತಾನಾಗಿಯೇ ನಿಜವಾಯಿತು. ನಾನು ಅದನ್ನು ಹಾಗೆಯೇ ಬಿಟ್ಟೆ. ಅಮ್ಮ ಕೊನೆಯವರೆಗೂ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಸಂತೋಷಪಟ್ಟಳು. ಆಮೇಲೆ ಹೇಳುವುದಕ್ಕೆ ಯಾರಿದ್ದರು? ನೀನು ನನ್ನ ಜೊತೆ ಮಾತು ಬಿಟ್ಟು ಆಗಿತ್ತು.

ನಿನ್ನನ್ನು ಕುಂಡದಲ್ಲಿ ಇಟ್ಟುಕೊಂಡೆ ಎಂದೆಯಲ್ಲ. ಇಲ್ಲ. ಎಲ್ಲರ ಜೊತೆ ನಿನ್ನನ್ನೂ ಕಿತ್ತಿದ್ದೆ.

ತಂಗಿ


೧೫ ಫೆಬ್ರವರಿ

ತಂಗಿ,

ಇದನ್ನು ನನಗೆ ಅಂದೇ ಹೇಳಲು ನಿನಗೆ ಏನು ಧಾಡಿಯಾಗಿತ್ತು?

ಇಪ್ಪತ್ತೆರಡು ವರ್ಷ. ಬಡಗಿಯ ಹೆಂಡತಿ ತೀರಿಹೋದಾಗ ನಾನು ಅವರ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದೆ. ಮುಖ ತೋರಿಸುವ ಧೈರ್ಯ ಇರಲಿಲ್ಲ. ನನ್ನ ಹೆಸರೂ ಪಟ್ಟಿಯಲ್ಲಿತ್ತು, ನಾನೂ ನಿಮ್ಮ ಹಾಗೇ ಕಿತ್ತುಹಾಕಿಸಿಕೊಂಡವನು ಎಂದು ಒಂದು ಮಾತು ಹೇಳಲು ಆಗಿದ್ದರೆ ಆ ಬೆಂಚು ಖಾಲಿಯಾಗುತ್ತಿರಲಿಲ್ಲ. ನೀನು ಒಳ್ಳೆಯವಳು ಅನ್ನಿಸಿಕೊಳ್ಳಲು ನಾನು ಕೆಟ್ಟವನಾದೆ.

ಒಂದು ಒಪ್ಪಂದ. ಕಟುಕರ ಹಾಗೆ ನೇರ ಮಾತಾಡೋಣ. ನಿನಗೆ ನನ್ನ ಕೈಬರಹ ಬೇಕು, ನನಗೆ ನಿನ್ನದು ಬೇಕು. ಕಾಗದದಲ್ಲಿ ನನಗೆ ಬರೆದದ್ದು ಸಾಲದು, ಅದರಲ್ಲಿ ಅಮ್ಮ ಇದ್ದಾಳೆ, ಅದನ್ನು ಊರಿಗೆಲ್ಲ ತೋರಿಸಲಾರೆ. ಬೇರೆ ಹಾಳೆಯಲ್ಲಿ ಬರೆ: ಪಟ್ಟಿಯಲ್ಲಿ ನನ್ನ ಹೆಸರಿತ್ತು, ಓದಿ ತಿಳಿದೇ ಸಹಿ ಹಾಕಿದೆ, ಉಳಿಸಿದ್ದು ನೀನಲ್ಲ. ಕೆಳಗೆ ನಿನ್ನ ಸಹಿ, ಆಗಿನ ಹುದ್ದೆ. ಸ್ವಂತ ಅಣ್ಣನನ್ನು ಕೆಲಸದಿಂದ ತೆಗೆದವಳು ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ.

ಅದು ನನ್ನ ಕೈ ಸೇರಿದ ದಿನವೇ ನಾನು ಕುಲಸಚಿವರ ಹತ್ತಿರ ಹೋಗುತ್ತೇನೆ. ಫೆಬ್ರವರಿಯಲ್ಲಿ ಇಪ್ಪತ್ತೆಂಟೇ ದಿನ, ನೆನಪಿರಲಿ.

ಅಣ್ಣ


೧೯ ಫೆಬ್ರವರಿ

ಅಣ್ಣಾ,

ಹಾಳೆ ಇದರ ಜೊತೆಗಿದೆ. ನೀನು ಹೇಳಿದ ಮೂರು ಮಾತಿಗೆ ನಾನೊಂದು ಸೇರಿಸಿದ್ದೇನೆ: ‘ಹೀಗೆ ಮಾಡಿದ್ದು ಸರಿ ಎಂದು ಅಂದು ನಂಬಿದ್ದೆ.’ ಅದನ್ನು ಹೊಡೆದುಹಾಕು ಎಂದು ಕೇಳಬೇಡ, ಹಾಕುವುದಿಲ್ಲ.

ನಿನ್ನ ಬಡಗಿಗೆ ತೋರಿಸು. ಅವನು ನಿನ್ನ ಜೊತೆ ಊಟಕ್ಕೆ ಕೂತರೆ ನನಗೇನೂ ತಿಳಿಸಬೇಕಾಗಿಲ್ಲ. ಕಲ್ಲಿನ ವಿಷಯ ಮಾತ್ರ ತಿಳಿಸು.

ತಂಗಿ


೩ ಮಾರ್ಚ್

ತಂಗಿ,

ಮೊದಲು ಕಲ್ಲಿನ ವಿಷಯ.

ಹಾಳೆ ಇಪ್ಪತ್ನಾಲ್ಕಕ್ಕೆ ಬಂತು. ಅವತ್ತೇ ಹೋದೆ. ಕುಲಸಚಿವ ನನ್ನ ಮೊಮ್ಮಗನ ವಯಸ್ಸಿನವನು. ನಾನು ಬರೆದುಕೊಂಡು ಹೋಗಿದ್ದನ್ನು ಓದಿ ಕನ್ನಡಕ ತೆಗೆದಿಟ್ಟ. “ತಾತಾ, ‘ಬೇಕೆಂದೇ ಬಿಟ್ಟೆ’ ಅಂತ ಯಾಕೆ? ‘ಕಣ್ತಪ್ಪಿನಿಂದ’ ಅಂತ ಹಾಕೋಣ. ನಿಮಗೂ ಮರ್ಯಾದೆ, ನಮಗೂ ಮರ್ಯಾದೆ” ಎಂದ. “ನನ್ನ ಕಣ್ಣು ಯಾವತ್ತೂ ತಪ್ಪಿಲ್ಲಪ್ಪ, ತಪ್ಪಿದ್ದು ಬುದ್ಧಿ. ಇದ್ದ ಹಾಗೇ ತಗೋತೀಯೋ, ಇಲ್ಲೇ ಕೂರಲೋ?” ಎಂದೆ. ಆ ಕೋಣೆಯಲ್ಲಿ ಎರಡು ಗಂಟೆ ಕೂತೆ. ಕೊನೆಗೆ ತೆಗೆದುಕೊಂಡ. ಸಮಾರಂಭದ ದಿನ ಹಳೆಯ ಕೆಲಸಗಾರರಿಗೆ ಸನ್ಮಾನವಿತ್ತಂತೆ, ಪಟ್ಟಿಯಿಂದ ನನ್ನನ್ನು ತೆಗೆದಿದ್ದಾರೆ. ಒಳ್ಳೆಯದಾಯಿತು. ಇಡೀ ಸಂಜೆ ವೇದಿಕೆಯ ಮೇಲೆ ಕೂರುವ ಸೊಂಟ ನನಗಿಲ್ಲ.

ಕಲ್ಲು ಕೆತ್ತುವವನ ಅಂಗಳಕ್ಕೂ ಹೋಗಿ ನೋಡಿ ಬಂದೆ. ನೀನು ಆರನೆಯ ಸಾಲು. ‘ಪ್ರಭಾರ’ ಎಂದು ಮುಂದೆ ಸಣ್ಣದಾಗಿ ಹಾಕಿದ್ದಾರೆ, ಅದಕ್ಕೆ ನಾನು ಏನೂ ಮಾಡಲಾರೆ. ಅಕ್ಷರ ಸರಿಯಿದೆ. ನಿನ್ನ ಹೆಸರಿನ ಒತ್ತಕ್ಷರ ಸ್ವಲ್ಪ ದಪ್ಪವಾಯಿತು ಎಂದು ಅವನಿಗೆ ಬೈದೆ. “ಕಲ್ಲು ತಾತಾ, ಒರೆಸಿ ಬರೆಯೋಕೆ ಬಣ್ಣವಲ್ಲ” ಎಂದ.

ಇನ್ನೊಂದು ತಿಳಿಸಬೇಕಾಗಿಲ್ಲ ಎಂದು ನೀನು ಬರೆದಿದ್ದೆ. ತಿಳಿಸುತ್ತೇನೆ.

ಬಡಗಿ ಈಗ ಮಗಳ ಮನೆಯಲ್ಲಿದ್ದಾನೆ, ಬಸ್ ಡಿಪೋ ಹಿಂದಿನ ಬೀದಿ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸ್ಟೂಲಿಗೆ ಕಾಲು ಕೂರಿಸುತ್ತಿದ್ದ. ನನ್ನನ್ನು ನೋಡಿ ಸುತ್ತಿಗೆ ಕೆಳಗಿಡಲಿಲ್ಲ.

“ಏನು ಬಂದೆ?” ಎಂದ.

“ಒಂದು ಕಾಗದ ಓದ್ಬೇಕು.”

“ಓದು. ಕಿವಿ ಸರಿಯಾಗೇ ಇದೆ.”

ನಿಂತುಕೊಂಡೇ ಓದಿದೆ. ನೀನು ಸೇರಿಸಿದ ಸಾಲನ್ನೂ ಬಿಡದೆ ಓದಿದೆ. ಹದಿನೇಳನೆಯ ಹೆಸರು ಎಂಬಲ್ಲಿಗೆ ಬಂದಾಗ ಅವನು ಮೊಳೆಯೊಂದನ್ನು ಬಾಯಿಂದ ತೆಗೆದ.

“ಹದಿನೇಳು. ಗೊತ್ತು. ನಾನು ಹದಿನೆಂಟು.”

“ನಿನಗೆ ಗೊತ್ತಿತ್ತಾ?”

“ಗೇಟಿಗೆ ಅಂಟಿಸಿದ್ರಲ್ಲ. ಇಡೀ ದಿನ ಇತ್ತು. ಎಲ್ಲರೂ ಓದಿದ್ವಿ. ಮಾರನೇ ದಿನ ಹಾಳೆ ಬದಲಾಯ್ತು.”

“ಮತ್ತೆ ಯಾಕೆ ಮಾತು ಬಿಟ್ಟೆ? ತಂಗಿ ಉಳಿಸಿದ್ಳು ಅಂತ ತಾನೇ?”

ಅವನು ನನ್ನನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮುಖ ಕೊಟ್ಟು ನೋಡಿದ. “ನಿನ್ನ ತಂಗಿ ಯಾರಿಗೆ ಬೇಕಾಗಿತ್ತು? ಉಳಿಸ್ಲಿ, ತೆಗೀಲಿ. ನಾವು ಹತ್ತೊಂಬತ್ತು ದಿನ ಗೇಟಿನ ಮುಂದೆ ಧರಣಿ ಕೂತಿದ್ವಿ. ಮೂರನೇ ದಿನ ನೀನು ಬಂದೆ, ಜ್ವರ ಬಿಟ್ಟ ಮುಖ ಹೊತ್ಕೊಂಡು. ಇವನೂ ಬಂದ ಅಂತ ನಾನು ಸರಿದು ಪಕ್ಕದಲ್ಲಿ ಜಾಗ ಮಾಡ್ದೆ. ನೀನು ನೆಲ ನೋಡ್ಕೊಂಡು ಒಳಗೆ ಹೋದೆ. ಅಷ್ಟೇ ನನಗೆ ಗೊತ್ತಿರೋದು.”

ನಾನು ಏನೋ ಹೇಳಲು ಹೋದೆ. ಮನೆ, ಮಕ್ಕಳು, ಔಷಧಿ ಎಂದೆಲ್ಲ ಬಾಯಿಗೆ ಬಂತು. ಅವನ ಮನೆಯಲ್ಲೂ ಆಗ ಅದೇ ಇತ್ತು. ನುಂಗಿಕೊಂಡೆ.

“ಆಯ್ತಾ? ಹೋಗೋವಾಗ ಬಾಗಿಲು ಎಳ್ಕೊಂಡು ಹೋಗು, ನಾಯಿ ನುಗ್ಗುತ್ತೆ” ಎಂದು ಮತ್ತೆ ಮೊಳೆ ಬಾಯಲ್ಲಿ ಕಚ್ಚಿಕೊಂಡ. ಎಳೆದುಕೊಂಡು ಬಂದೆ.

ಒಂದು ವಾರವಾಯಿತು. ಆ ದಿನ ಗೇಟಿನ ಹತ್ತಿರ ಅವನು ಸರಿದದ್ದು ನಾನು ನೋಡಿದ್ದೆ, ತಂಗಿ. ನೋಡಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನನ್ನು ಬೈಯುತ್ತಿದ್ದರೆ ಅದು ನೆನಪಾಗುತ್ತಿರಲಿಲ್ಲ. ಅದಕ್ಕೇ ಬೈಯುತ್ತಿದ್ದೆ.

ಅದಕ್ಕೆ ನೀನು ಮಾಡಿದ್ದು ಸರಿಯಾಯಿತು ಎಂದುಕೊಳ್ಳಬೇಡ. ನಲವತ್ತೊಂದು ಮನೆಯ ಒಲೆ ನೀನು ಆರಿಸಿದ್ದು, ಅದು ತಪ್ಪೇ, ಸಾಯುವವರೆಗೂ ಹೇಳುತ್ತೇನೆ. ಆದರೆ ಆ ಗೇಟು ದಾಟಿದ ಕಾಲು ನನ್ನದು. ನೀನು ಎತ್ತಿ ಒಳಗಿಡಲಿಲ್ಲ.

ನೀನು ಬರೆದುಕೊಟ್ಟ ಹಾಳೆಯನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಅವನಿಗೆ ಬೇಕಾಗಿರಲಿಲ್ಲ. ನನ್ನ ಹತ್ತಿರ ಇದ್ದರೆ ನಾನು ಮತ್ತೆ ಯಾರಿಗಾದರೂ ತೋರಿಸಿಬಿಡುತ್ತೇನೆ.

ನಿನ್ನ ಅಣ್ಣ